ಕ್ಲಾರಿನೆಟ್ಟಿನ ಹಲ್ಲು

ಪೀಪಿ ಮೇಷ್ಟ್ರ ಬದುಕೆಲ್ಲ ನಿಂತಿದ್ದು ಒಂದು ಹಲ್ಲಿನ ಮೇಲೆ. ತಮಾಷೆಗೆ ಹೇಳುತ್ತಿಲ್ಲ. ದೊಡ್ಡ ಹೋಟೆಲಿನ ಊಟದ ಹಾಲಿನಲ್ಲಿ ಸಂಜೆ ಹೊತ್ತು ಕ್ಲಾರಿನೆಟ್ ನುಡಿಸುವ ಕೆಲಸ ಅವರದು. ಆ ವಾದ್ಯದ ತುದಿಯನ್ನು ಕೆಳತುಟಿಯ ಮೇಲಿಟ್ಟು, ಮೇಲಿನ ಮುಂಬಲ್ಲನ್ನು ಅದರ ಬೆನ್ನಿಗೆ ಒತ್ತಿ ಹಿಡಿದು ಊದಬೇಕು. ಮೇಷ್ಟ್ರ ಎರಡು ಮುಂಬಲ್ಲುಗಳಲ್ಲಿ ಒಂದು ಕೊಂಚ ಉದ್ದ, ಭಾರ ಹೊರುವುದೆಲ್ಲ ಅದೇ. ನಾದ ಆ ಹಲ್ಲಿನಿಂದಲೇ ತಲೆಗೆ ಏರುತ್ತದೆ ಎಂದು ಅವರು ಹೇಳುತ್ತಿದ್ದರು.

ಆ ಹಲ್ಲೇ ಹುಳುಕು ಹಿಡಿದು, ಬುಡದಲ್ಲಿ ಕೀವು ತುಂಬಿ, ತುಟಿ ಬನ್ನಿನಂತಾಯಿತು.

"ಇಷ್ಟು ದಿನ ನೀವು ಊದಿದ್ರಿ, ಈಗ ಅದು ಊದಿದೆ" ಎಂದಳು ಹೆಂಡತಿ. ಅವರ ಬೆಳಗಿನ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. "ಕುಕ್ಕರ್ ಆದ್ರೂ ಮೂರು ಸೀಟಿಗೆ ನಿಲ್ಲುತ್ತೆ, ನೀವು ನಿಲ್ಲಲ್ಲ" ಎಂದು ದಿನಾ ಗೊಣಗುವವಳು. ಆದರೂ ಹಲ್ಲಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದವಳು ಅವಳೇ.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. "ಹಲ್ಲಿನ ಒಳಗಿನ ನರ ಕೊಳೆತಿದೆ. ಬೇರಿನ ಕಾಲುವೆ ತೊಳೆದು, ಮದ್ದು ತುಂಬಿ ಮುಚ್ತೀನಿ. ಅದೇ ರೂಟ್ ಕೆನಾಲ್ ಅಂದ್ರೆ. ಆಮೇಲೆ ಹಲ್ಲಿನ ಮೇಲೆ ಟೊಪ್ಪಿ, ಅಂದ್ರೆ ಕ್ಯಾಪ್, ಹಾಕಿಸ್ಕೊಳ್ಳಲೇಬೇಕು. ನೋವು ಹೋಯ್ತು ಅಂತ ಸುಮ್ನಿರಬೇಡಿ. ನೋವು ಮನೆ ಕಾವಲುಗಾರ ಇದ್ದ ಹಾಗೆ, ಅವನನ್ನ ನಾವೇ ಕಳಿಸಿಬಿಟ್ಟಿದೀವಿ. ಹಲ್ಲು ಟೊಳ್ಳಾಗಿರುತ್ತೆ. ಟೊಪ್ಪಿ ಬರೋ ತನಕ ಅದ್ರಲ್ಲಿ ಗಟ್ಟಿ ಪದಾರ್ಥ ಕಚ್ಚಬೇಡಿ."

ಹೆಂಡತಿಗೆ ಅದು ವೇದವಾಕ್ಯವಾಯಿತು. ಸೇಬು ಬೇಯಿಸಿ ಕೊಟ್ಟಳು. ಬ್ರೆಡ್ಡಿನ ಅಂಚು ಕತ್ತರಿಸಿ ಹಾಲಿನಲ್ಲಿ ನೆನೆಸಿದಳು. ಮೇಷ್ಟ್ರೂ ಪಥ್ಯ ತಪ್ಪಿಸಲಿಲ್ಲ. ಕೂಸಿನ ಹಾಗೆ ತಿಂದು, ಬಾಯಿ ಮುಕ್ಕಳಿಸಿ, ಎದ್ದು ಹೋಗಿ ಕ್ಲಾರಿನೆಟ್ ಹಿಡಿಯುತ್ತಿದ್ದರು.

ನೋವು ಹೋಗಿತ್ತು. ಟೊಪ್ಪಿಯ ಮಾತು ಮಾತ್ರ ಮುಂದೆ ಮುಂದೆ ಹೋಗುತ್ತಿತ್ತು.

"ಟೊಪ್ಪಿ ಹಾಕಿದ್ರೆ ಹಲ್ಲಿನ ಆಕಾರ ಬದಲಾಗುತ್ತೆ ಕಣೇ. ನಾದ ಕೆಡುತ್ತೆ."

"ನಾದ ಕೆಟ್ರೆ ಕೆಡ್ಲಿ, ಹಲ್ಲು ಉಳಿದ್ರೆ ಸಾಕು."

"ನಾದ ಹೋದ ಮೇಲೆ ಹಲ್ಲು ಕಟ್ಕೊಂಡು ಏನು ಮಾಡ್ಲಿ?" ಎಂದರು ಮೇಷ್ಟ್ರು. ಹಟಮಾರಿ ಮನುಷ್ಯ. ಒಳಗೊಳಗೆ ಅವರಿಗೆ ಭಯ, ಅಷ್ಟೇ.

ಒಂದು ಸಂಜೆ ಹೋಟೆಲಿನಲ್ಲಿ ಮೇಲಿನ ಸ್ವರಕ್ಕೆ ಏರುತ್ತಿದ್ದಾಗ ತಲೆಯೊಳಗೆ ಚಿಟ್ ಎಂದಿತು. ನೋವೇನೂ ಆಗಲಿಲ್ಲ. ನಾಲಿಗೆಯಿಂದ ಮುಟ್ಟಿದರೆ ಹಲ್ಲು ಅಲ್ಲಾಡಿತು.

ಮರುದಿನ ಡಾಕ್ಟರಮ್ಮ ಎಕ್ಸ್‌ರೇ ನೋಡಿ ನಿಟ್ಟುಸಿರು ಬಿಟ್ಟರು. "ಬೇರಿನ ತನಕ ಸೀಳಿದೆ. ಏನು ಕಚ್ಚಿದ್ರಿ?"

ಹೆಂಡತಿಗೆ ಸಿಟ್ಟೇ ಬಂತು. "ಏನೂ ಕಚ್ಚಿಲ್ಲ ಡಾಕ್ಟ್ರೇ. ಬಾಳೆಹಣ್ಣನ್ನೂ ಕಿವುಚಿ ಕೊಟ್ಟಿದೀನಿ."

"ಕೆಲಸ ಏನು ಮಾಡ್ತೀರಿ?"

ಮೇಷ್ಟ್ರು ಹೇಳಿದರು. ಹೇಗೆ ಹಿಡಿಯುತ್ತಾರೆಂದು ತೋರಿಸಲು ಮೇಜಿನ ಮೇಲಿದ್ದ ಪೆನ್ನು ತೆಗೆದು ಬಾಯಿಗಿಟ್ಟರು. ಮುಂಬಲ್ಲು ಪೆನ್ನಿನ ಮೇಲೆ ಕೂತಿತು. ಡಾಕ್ಟರಮ್ಮ ನೋಡಿದರು. ಹೆಂಡತಿಯೂ ನೋಡಿದಳು, ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಹಲ್ಲನ್ನೇ ನೋಡಿದಳು.

"ಊದೋದು ಡಾಕ್ಟ್ರೇ, ಕಚ್ಚೋದಲ್ಲವಲ್ಲ" ಎಂದರು ಮೇಷ್ಟ್ರು, ಪೆನ್ನನ್ನು ಅಂಗಿಗೆ ಒರೆಸುತ್ತ. ಹೇಳುತ್ತ ಹೇಳುತ್ತ ಅವರಿಗೇ ಅರ್ಥವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಮೊದಲ ದಿನವೇ ನಾನು ಕೇಳಬೇಕಿತ್ತು" ಎಂದರು ಡಾಕ್ಟರಮ್ಮ. ಹಲ್ಲು ಕೀಳದೆ ದಾರಿಯಿರಲಿಲ್ಲ. ಹಳೆಯ ಕೀವು ಎಲುಬನ್ನು ತಿಂದಿದ್ದರಿಂದ ಎಲುಬಿಗೆ ತಿರುಗಿಸಿ ಕೂರಿಸುವ ಸ್ಕ್ರೂ ಹಲ್ಲು ನಿಲ್ಲುವಂತಿರಲಿಲ್ಲ. ಅಕ್ಕಪಕ್ಕದ ಹಲ್ಲುಗಳೂ ಸಡಿಲ, ಅವುಗಳಿಗೆ ಬಿಗಿದು ಸೇತುವೆಯಂತೆ ಹಲ್ಲು ಕಟ್ಟಲು ಆಧಾರವಿಲ್ಲ. "ತೆಗೆದು ಹಾಕೋ ಹಲ್ಲು ಕೊಡ್ತೀನಿ. ನಗೋಕೆ, ಮಾತಾಡೋಕೆ ಸಾಕು. ಊದೋಕೆ ಆಗಲ್ಲ."

ಗಾಯ ಮಾಯ್ದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ಕಟ್ಟಿಸಿದ ಹಲ್ಲು ಹಾಕಿಕೊಂಡು ಕೂತರು. ಒತ್ತಿದೊಡನೆ ಹಲ್ಲು ವಾಲಿತು, ಕ್ಲಾರಿನೆಟ್ ಕೀಚ್ ಎಂದಿತು. ಅದನ್ನು ತೆಗೆದಿಟ್ಟು ಪಕ್ಕದ ಹಲ್ಲಿನಿಂದ ಒತ್ತಿ ನೋಡಿದರು. ಅದು ನೋವು ತಡೆಯಲಿಲ್ಲ. ಹಲ್ಲಿನ ಸಂದಿಯಿಂದ ಬರೀ ಗಾಳಿ ಬಂತು.

ಹೆಂಡತಿ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. "ಇನ್ನೊಂದ್ಸಲ ನೋಡಿ" ಎಂದಳು.

ನೋಡಿದರು. ಕಟ್ಟಿಸಿದ ಹಲ್ಲು ಹಾಕಿಕೊಂಡರೆ ಮತ್ತೆ ಅದೇ ಕೀಚು.

"ಇನ್ನೊಂದ್ಸಲ."

ಮೇಷ್ಟ್ರು ತಲೆಯಾಡಿಸಿ ಕ್ಲಾರಿನೆಟ್ಟಿನ ತುಂಡುಗಳನ್ನು ಬಿಚ್ಚಿದರು, ಒಳಗಿನ ತೇವ ಒರೆಸಿ ಒಂದೊಂದನ್ನೇ ಪೆಟ್ಟಿಗೆಯಲ್ಲಿಟ್ಟರು. ಅವಳು ಪಕ್ಕಕ್ಕೆ ಬಂದು ಕೂತಳು. ಒಳಗೆ ಕುಕ್ಕರ್ ಕೂಗತೊಡಗಿತು. ಮೂರನೆಯ ಸೀಟಿ ಆಯಿತು, ನಾಲ್ಕನೆಯದೂ ಆಯಿತು. ಅವಳು ಆರಿಸಲು ಏಳಲಿಲ್ಲ.