ಮಾಮೂಲಿನ ಮನೆತನ

ನಮ್ಮ ನಿಘಂಟು ಕಚೇರಿಯಲ್ಲಿ ಗೊತ್ತಿರುವುದನ್ನು ಹೇಳದವರಿಗೆ ಬಡ್ತಿ ಸಿಗುತ್ತದೆ. ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳುವವರಿಗೆ ಇನ್ನೂ ಬೇಗ ಸಿಗುತ್ತದೆ. ಪ್ರಧಾನ ಸಂಪಾದಕರು ಎರಡನೆಯ ಜಾತಿಯವರು. ಅವರ ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಅರಬ್ಬಿ ನಿಘಂಟೊಂದು ಸದಾ ಇರುತ್ತದೆ. ಅದರ ಮೇಲೆ ಊಟದ ಡಬ್ಬಿ ಇಡುವುದನ್ನು ಬಿಟ್ಟರೆ ಬೇರೆ ಯಾವುದಕ್ಕೂ ಅವರು ಅದನ್ನು ಮುಟ್ಟಿದ್ದು ನಾನು ಕಂಡಿಲ್ಲ. ಬಂದವರಿಗೆಲ್ಲ ಮಾತ್ರ, "ಅರಬ್ಬಿ ನನಗೆ ತಾಯಿಹಾಲು ಇದ್ದಂಗೆ," ಅನ್ನುತ್ತಾರೆ. ಹಾಲು ಬಿಟ್ಟ ದಿನವೇ ಅದನ್ನೂ ಬಿಟ್ಟಿರಬೇಕು.

ಅರಬ್ಬಿಯಿಂದ ನಮ್ಮ ಭಾಷೆಗೆ ಬಂದ ಪದಗಳ ಕೆಲಸ ನನ್ನದು. ಆ ಭಾಷೆಯಲ್ಲಿ ಸಾಮಾನ್ಯವಾಗಿ ಮೂರು ಅಕ್ಷರ ಸೇರಿದರೆ ಒಂದು ಧಾತು. ಅದಕ್ಕೆ ಹಿಂದೆ, ಮುಂದೆ, ನಡುವೆ ಇನ್ನಷ್ಟು ತೊಡಿಸಿದರೆ ಹತ್ತಾರು ಪದ. ಒಂದೇ ಧಾತುವಿನ ಪದಗಳನ್ನೆಲ್ಲ ಒಂದು ಪುಟದಲ್ಲಿ ಕೂರಿಸಿ ಅದನ್ನು 'ಸಂಸಾರ' ಎಂದು ಕರೆಯುವುದು ನಮ್ಮ ಕಚೇರಿಯ ರೂಢಿ. ಅಷ್ಟೂ ಸಂಸಾರಗಳನ್ನು ಕಟ್ಟಿದವಳು ನಾನು, ಆದರೆ ನಾನು ಮಾತ್ರ ಹಂಗಾಮಿ. ವರ್ಷ ವರ್ಷವೂ ನನ್ನ ಆದೇಶಕ್ಕೆ ಹೊಸ ಸಹಿ ಬೀಳಬೇಕು. ಈ ಸಲ ಸಹಾಯಕ ಸಂಪಾದಕರ ಹುದ್ದೆಯೊಂದು ಖಾಯಮ್ಮಾಗಿ ಬಂದಿತ್ತು. ಮುಂದಿನ ಸಲಕ್ಕೆ ನನ್ನ ವಯಸ್ಸು ಮೀರುತ್ತದೆ. ಈಗ ಕೈತಪ್ಪಿದರೆ ತಪ್ಪಿದಂತೆಯೇ.

ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಅತ್ತೆ ಬಾಗಿಲಿಗೆ ಬಂದರು. "ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಂಡಿರೇ ನನ್ನಮ್ಮಾ. ಕೆಲಸ ಆದ್ಮೇಲೆ ಎಷ್ಟು ಬೇಕಾದ್ರೂ ಬೈಯುವಂತೆ," ಎಂದರು. ಅತ್ತೆಗೆ ನನ್ನ ನಾಲಿಗೆಯ ಪರಿಚಯ ಚೆನ್ನಾಗಿದೆ.

ಆ ಹುದ್ದೆಗೆ ನನ್ನ ಎದುರು ನಿಂತಿದ್ದವನು ಒಬ್ಬನೇ, ಸಂಪಾದಕರ ಅಳಿಯ. ಇಸ್ತ್ರಿ ಮುರಿಯದ ಅಂಗಿ, ಕೋಣೆಗೆ ಅವನಿಗಿಂತ ಮೊದಲು ಬರುವ ಸೆಂಟಿನ ವಾಸನೆ. ಕಳೆದ ತಿಂಗಳು ಮಾವನವರ ಪಕ್ಕ ಕೂತು "ಕಚೇರಿಯ ವಾತಾವರಣ ನೋಡುತ್ತಾ" ಇದ್ದ. ನೋಡಿದ್ದು ನನ್ನ ಪುಟಗಳನ್ನು ಎಂಬುದು ಆಮೇಲೆ ಗೊತ್ತಾಯಿತು.

ಆಯ್ಕೆ ಸಮಿತಿಯಲ್ಲಿ ಮೂವರು. ಸಂಪಾದಕರು, ಕಚೇರಿಯ ಆಡಳಿತಾಧಿಕಾರಿ, ಹೊರಗಿನಿಂದ ಒಬ್ಬ ತಜ್ಞರು. ಆ ತಜ್ಞರು ಕೋಣೆಯೊಳಗೆ ಕಾಲಿಟ್ಟಾಗ ನನ್ನ ಎದೆ ಹಗುರಾಯಿತು. ನನಗೆ ಅರಬ್ಬಿ ಕಲಿಸಿದ ಮೇಡಂ! ನಿವೃತ್ತರಾಗಿ ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಡಿಗೆಯ ಠೀವಿ ಮಾತ್ರ ಹಾಗೇ ಇತ್ತು. ತರಗತಿಯಲ್ಲಿ ನಾವು ನಿಘಂಟು ತೆರೆದು ತಡಕಾಡುವಾಗ ಮೇಜು ಕುಟ್ಟಿ, "ಮೊದಲು ಪದದ ಕೋಟು ಬಿಚ್ಚಿ, ಆಮೇಲೆ ಅದರ ಮನೆ ಹುಡುಕಿ," ಅನ್ನುತ್ತಿದ್ದರು. ಅರಬ್ಬಿ ನಿಘಂಟಿನಲ್ಲಿ ಪದಗಳು ತಮ್ಮ ಮೊದಲಕ್ಷರದಲ್ಲಿ ಸಿಗುವುದಿಲ್ಲ, ಧಾತುವಿನ ಮೊದಲಕ್ಷರದಲ್ಲಿ ಸಿಗುತ್ತವೆ. ಅರಬ್ಬಿ ಕಲಿತವರ ಮೊದಲ ವಾರದ ಪಾಠ ಅದು. ನನ್ನ ಬದುಕಿನಲ್ಲಿ ನಾನು ಮನಸಾರೆ ಗೌರವಿಸಿದ ದೊಡ್ಡವರು ಕಡಿಮೆ. ಅಂಥವರಲ್ಲಿ ಮೇಡಂ ಮೊದಲಿಗರು.

ನಮ್ಮಲ್ಲಿ ಪರೀಕ್ಷೆ ಎಲ್ಲರೆದುರೇ ನಡೆಯುತ್ತದೆ. ಅಲ್ಲೇ ಒಂದು ಧಾತು ಕೊಡುತ್ತಾರೆ. ಅಭ್ಯರ್ಥಿ ಅದರ ಸಂಸಾರ ಹೇಳಬೇಕು, ಕೇಳಿದ ಪದವನ್ನು ದಪ್ಪ ನಿಘಂಟಿನಲ್ಲಿ ಹುಡುಕಿ ತೋರಿಸಬೇಕು. ಸಂಪಾದಕರು ಡಬ್ಬಿ ಎತ್ತಿಟ್ಟು, ನಿಘಂಟಿನ ಧೂಳು ಕೊಡವಿ, ಯೋಚಿಸುವವರಂತೆ ಸೂರು ನೋಡಿ, "ಐನ್, ಮೀಮ್, ಲಾಮ್," ಎಂದರು. ಅರಬ್ಬಿಯ ಈ ಮೂರು ಅಕ್ಷರ ಸೇರಿದರೆ ಕೆಲಸ ಮಾಡುವುದು ಎಂಬ ಅರ್ಥದ ಧಾತು.

ಅಳಿಯ ಒಂದೇ ಉಸಿರಿಗೆ ಒಪ್ಪಿಸಿದ. ಕೆಲಸದಿಂದ ಆಡಳಿತ ಎಂಬ ಅರ್ಥದ ಅಮಲು, ಅದನ್ನು ನಡೆಸುವ ಅಮಲ್ದಾರ. ಅದೇ ಅಮಲು ಚಟವಾಗಿ, ನಶೆಯಾಗಿ ತಲೆಗೇರಿದ್ದು. ವ್ಯವಹಾರ ಎಂಬ ಕವಲಿನಿಂದ ಮಾಮಲೇದಾರ. ಬಳಕೆಯ ಕವಲಿನಿಂದ ಇಸ್ತೇಮಾಲು. ಮಾಡಿ ಮಾಡಿ ರೂಢಿಯಾದದ್ದು ಮಾಮೂಲು. ಆ ರೂಢಿ ಮೇಜಿನ ಕೆಳಗೆ ಕೈಚಾಚಿದಾಗ ಅದೂ ಮಾಮೂಲು. ಎಲ್ಲವೂ ನನ್ನ ವಾಕ್ಯ, ನನ್ನ ಅಲ್ಪವಿರಾಮ. ಕೊನೆಗೆ ಅದೇ ಗಂಭೀರ ದನಿಯಲ್ಲಿ, "ಇಲ್ಲಿ ಉದಾಹರಣೆ ಆಮೇಲೆ ಸೇರಿಸುವುದು," ಎಂದೂ ಹೇಳಿದ. ಅದು ನಾನು ಅಂಚಿನಲ್ಲಿ ನನಗಾಗಿ ಬರೆದುಕೊಂಡಿದ್ದ ಟಿಪ್ಪಣಿ.

"ಭೇಷ್!" ಎಂದರು ಸಂಪಾದಕರು. ನನಗೆ ನಗು ತಡೆಯಲಾಗದೆ ಕೆಮ್ಮಿದೆ. ಆ ಸಂಸಾರವನ್ನು ಬರೆದ ದಿನವೇ ನನಗೆ ಅನ್ನಿಸಿತ್ತು, ಇದು ನಮ್ಮ ಕಚೇರಿಯದೇ ವಂಶಾವಳಿ ಎಂದು. ಅಧಿಕಾರವಿದೆ, ಅದರ ನಶೆಯಿದೆ, ಮಾಮೂಲಂತೂ ಇದ್ದೇ ಇದೆ. ಇವರನ್ನೆಲ್ಲ ಹೆತ್ತ ಕೆಲಸ ಎಂಬ ತಾಯಿಯೊಬ್ಬಳು ಮಾತ್ರ ಇಲ್ಲಿ ಯಾರ ಮನೆಯಲ್ಲೂ ಇಲ್ಲ.

ಅದುವರೆಗೆ ತೂಕಡಿಸುತ್ತಿದ್ದ ಆಡಳಿತಾಧಿಕಾರಿ ಕಣ್ಣು ಬಿಟ್ಟರು. "ಮಾಮೂಲು ಅಂದ್ರಲ್ಲ, ಅದನ್ನೇ ಹುಡುಕಿ ತೋರಿಸಿ. ನಂಗೆ ಗೊತ್ತಿರೋದು ಅದೊಂದೇ," ಎಂದು ತಾವೇ ನಕ್ಕರು.

ಅಳಿಯ ನಿಘಂಟು ತೆರೆದ. ಮೀಮ್, ಅಂದರೆ ಅರಬ್ಬಿಯ 'ಮ' ಅಕ್ಷರಕ್ಕೆ ಹೋದ. ಮಾಮೂಲಿನ ಮೊದಲ 'ಮ' ಬರಿಯ ಕೋಟು. ಬಿಚ್ಚಿದರೆ ಒಳಗಿರುವ ಧಾತುವಿನ ಮೊದಲಕ್ಷರ ಐನ್. ಈಗಷ್ಟೇ ತನ್ನ ಬಾಯಿಂದಲೇ ಹೇಳಿದ ಧಾತುವನ್ನು ಬಿಟ್ಟು ಅವನು ಮೀಮ್‌ನ ಪುಟಗಳನ್ನು ಮಗುಚತೊಡಗಿದ. ಹಣೆಯಲ್ಲಿ ಬೆವರು. ಮಾವನವರು ನೆರವಿಗೆ ಬಂದರು. "ಕೊಡಿಲ್ಲಿ, ನಿಮಗೆ ಅಭ್ಯಾಸ ಇಲ್ಲ," ಎಂದು ಭೂತಗನ್ನಡಿ ಹಿಡಿದು ತಾವೂ ಮೀಮ್‌ನಲ್ಲೇ ಹುಡುಕತೊಡಗಿದರು! ಮಾವ ಅಳಿಯ ಇಬ್ಬರ ತಲೆಯೂ ಒಂದೇ ಪುಟದ ಮೇಲೆ. ತಾಯಿಹಾಲಿನ ಮಹಿಮೆ ಅಂದರೆ ಇದು ಎಂದುಕೊಂಡೆ. ಕೊನೆಗೆ ಸಂಪಾದಕರು ತಲೆಯೆತ್ತಿ, "ಈ ಪದ ಅರಬ್ಬೀದೇ ಅಲ್ಲ. ನಮ್ಮ ಪುಟದಿಂದ ತೆಗೆದುಹಾಕೋಣ," ಎಂದರು.

ಅತ್ತೆ ಹಾಕಿ ಕಳಿಸಿದ್ದ ಬೀಗ ಅಲ್ಲಿಗೆ ಕಳಚಿತು. "ಸರ್, ಅದು ಮೀಮ್‌ನಲ್ಲಿ ಸಿಗಲ್ಲ. ಐನ್‌ನಲ್ಲಿ ನೋಡಿ," ಎಂದೆ.

"ಅಭ್ಯರ್ಥಿಗಳು ಕೇಳಿದಾಗ ಮಾತಾಡಿದ್ರೆ ಸಾಕು. ತಜ್ಞರು ಇದ್ದಾರಲ್ಲ, ಅವ್ರೇ ಹೇಳ್ಲಿ," ಎಂದು ಸಂಪಾದಕರು ನಿಘಂಟನ್ನು ಮೇಡಂ ಕಡೆ ತಳ್ಳಿದರು.

ನಾನು ನಿರಾಳವಾಗಿ ಹಿಂದಕ್ಕೆ ಒರಗಿದೆ. ಮೇಡಂ ಕನ್ನಡಕ ಏರಿಸಿದರು. ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಮೀಮ್‌ನ ಪುಟಗಳನ್ನು ಒಂದೊಂದಾಗಿ, ನಿಧಾನವಾಗಿ, ಬೆರಳಿಗೆ ಎಂಜಲು ಹಚ್ಚಿಕೊಂಡು ತಿರುವಿದರು. ಕೊನೆಯ ಪುಟದವರೆಗೂ ತಿರುವಿದರು. "ಇಲ್ಲ, ಕಾಣಿಸ್ತಾ ಇಲ್ಲ," ಎಂದು ನಿಘಂಟು ಮುಚ್ಚಿದರು.

ಎದ್ದು ಮೇಜು ಸುತ್ತಿಹೋಗಿ ನಿಘಂಟು ಎಳೆದುಕೊಂಡೆ, ಐನ್ ತೆರೆದೆ, ಪದದ ಮೇಲೆ ಬೆರಳಿಟ್ಟೆ. ಸಂಪಾದಕರು ಬೆರಳನ್ನು ನೋಡಲಿಲ್ಲ, ಕೈಗಡಿಯಾರ ನೋಡಿದರು. ಮೇಡಂ ಕನ್ನಡಕ ಒರೆಸುತ್ತಿದ್ದರು. ಆಡಳಿತಾಧಿಕಾರಿ ಕಾಫಿ ಎಲ್ಲಿಗೆ ಬಂತು ಎಂದು ವಿಚಾರಿಸಿದರು. ನನಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಳಿಯ ಸಹಾಯಕ ಸಂಪಾದಕನಾದ. ಸಂಪಾದಕರು ನನ್ನನ್ನು ಕರೆಸಿ, ಪಕ್ಕದಲ್ಲಿ ಕೂತಿದ್ದ ಅವನನ್ನು ತೋರಿಸಿ ಬಾಯಿ ತುಂಬ ನಕ್ಕರು. "ನೀವೇನೂ ಬೇಜಾರು ಮಾಡ್ಕೋಬೇಡಿ. ಹಂಗಾಮಿಯಾಗಿ ಮುಂದುವರಿಸ್ತೀವಿ. ಇವ್ರಿಗೆ ಸ್ವಲ್ಪ ದಾರಿ ತೋರಿಸಿ."

"ಒಬ್ರಿಗೆ ದಾರಿ ತೋರ್ಸೋಕೆ ಅವ್ರು ಹೊರಟಿರಬೇಕು ಸರ್. ಇವ್ರು ಮೀಮ್‌ನಲ್ಲೇ ಠಿಕಾಣಿ ಹೂಡಿದ್ದಾರೆ. ನಾಳೆಯಿಂದ ನಾನು ಬರಲ್ಲ," ಎಂದೆ. ಅವರ ನಗು ಮುಖದಲ್ಲೇ ಒಣಗಿತು. ಅರ್ಧಕ್ಕೆ ನಿಂತ ಪುಟಗಳೆಷ್ಟಿವೆ ಎಂಬುದು ಅವರಿಗೆ ಆಗ ಹೊಳೆದಿರಬೇಕು.

ಗೇಟಿನ ಬಳಿ ಮೇಡಂ ಕಚೇರಿಯ ಕಾರಿಗೆ ಕಾಯುತ್ತಿದ್ದರು. ತಪ್ಪಿಸಿಕೊಂಡು ಹೋಗೋಣವೆಂದರೆ ದಾರಿ ಅದೊಂದೇ.

"ಕೋಪ ಮಾಡ್ಕೋಬೇಡ ಕಣೇ," ಎಂದರು. "ನನ್ನ ಪುಸ್ತಕ ಇವ್ರ ಹತ್ರ ಅಚ್ಚಿಗೆ ಕೂತಿದೆ. ಎಷ್ಟು ವರ್ಷದಿಂದ ಅಲೀತಿದೀನಿ ಗೊತ್ತಾ? ಇನ್ನು ಈ ವಯಸ್ಸಲ್ಲಿ ಯಾರ ಬಾಗಿಲಿಗೆ ಹೋಗ್ಲಿ? ನೀನು ಜಾಣೆ, ಎಲ್ಲಾದ್ರೂ ಬದುಕ್ತೀಯ."

"ಯಾವ ಪುಸ್ತಕ ಮೇಡಂ?"

ಅವರು ನೆಲ ನೋಡಿದರು. "ನಾನು ತರಗತೀಲಿ ಹೇಳ್ತಿದ್ದ ಪಾಠಗಳೇ. ಯಾವ ಪದ ಯಾವ ಧಾತುವಿನಲ್ಲಿ ಹುಡುಕ್ಬೇಕು ಅನ್ನೋದು."

ಸಂಪಾದಕರ ಮೇಲೆ ನನಗೆ ಗೌರವ ಎಂದೂ ಇರಲಿಲ್ಲ. ಅವರಿಂದ ಕಳೆದುಕೊಂಡದ್ದು ಒಂದು ನೌಕರಿ, ಅಷ್ಟೇ. ಈ ಹೆಂಗಸಿನ ಮುಂದೆ ನಿಂತಾಗ ಅಸಹ್ಯವೂ ಆಯಿತು, ಅಳುವೂ ಬಂತು. ಕಾರು ಬಂದು ನಿಂತಿತು.

"ಅಚ್ಚಾದ್ಮೇಲೆ ನಂಗೆ ಪ್ರತಿ ಕಳಿಸ್ಬೇಡಿ," ಎಂದೆ. "ಓದಿದ್ರೆ ಇನ್ನು ಒಂದು ಪದಾನೂ ನಂಬೋಕಾಗಲ್ಲ."

ನಾನು ರಸ್ತೆ ದಾಟಿ ತಿರುಗಿ ನೋಡಿದಾಗಲೂ ಅವರು ಕಾರಿನ ಬಾಗಿಲು ಹಿಡಿದುಕೊಂಡು, ಹತ್ತದೆ, ನಿಂತೇ ಇದ್ದರು.