ಸೊನ್ನೆ ತುಂಬುವ ಮುನ್ನ

ನಾನೊಂದು ಹಾರ್ಡ್ ಡಿಸ್ಕ್. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ, ಧೂಳಿನ ಕಣವೂ ಒಳಬರದ ಕೋಣೆಯಲ್ಲಿ. ಬದುಕಿದ್ದು ನರಗುಂದದ ಒಂದು ಫೋಟೋ ಸ್ಟುಡಿಯೋದಲ್ಲಿ, ಧೂಳಿನದೇ ಕಾರುಬಾರು ಇದ್ದ ಕಡೆ. ನನ್ನ ಹೊಟ್ಟೆಯಲ್ಲಿ ಕನ್ನಡಿಯಂಥ ಎರಡು ತಟ್ಟೆಗಳು ತಿರುಗುತ್ತವೆ. ಒಂದು ಮುಳ್ಳು ಅವುಗಳ ಮೇಲೆ ಬರೆಯುತ್ತದೆ, ಬರೆದದ್ದನ್ನು ಓದುತ್ತದೆ. ಕುತೂಹಲ ನನ್ನ ಹುಟ್ಟುಗುಣ. ಬಂದ ಫೋಟೋ ಒಂದನ್ನೂ ನೋಡದೆ ಬಿಟ್ಟವನಲ್ಲ.

ಸ್ಟುಡಿಯೋ ಯಜಮಾನರು ವಿರೂಪಾಕ್ಷಪ್ಪ. ಮೇಜಿನ ಕೆಳಗಿದ್ದ ನನಗೆ ಅವರ ಚಪ್ಪಲಿಯ ಪರಿಚಯವೇ ಹೆಚ್ಚು. ಮದುವೆ ಫೋಟೋ ಹೊಡೆಯುವುದು ಅವರ ಅರ್ಧ ಕೆಲಸ. ಇನ್ನರ್ಧ, ತೀರಿಹೋದವರನ್ನು ಗೋಡೆಗೆ ಸಿದ್ಧ ಮಾಡುವುದು. ಹಿರಿಯರು ತಮಗೆಂದು ಫೋಟೋ ತೆಗೆಸಿಕೊಂಡಿರುವುದಿಲ್ಲ. ಅವರು ಹೋದ ಮೇಲೆ ಮನೆಯವರು ಯಾವುದೋ ಮದುವೆಯ ಗುಂಪು ಫೋಟೋ ತರುತ್ತಾರೆ. ವಿರೂಪಾಕ್ಷಪ್ಪ ಮುಖ ಕತ್ತರಿಸಿ, ಕರಿ ಕೋಟು ತೊಡಿಸಿ, ಹಿಂದೆ ನೀಲಿ ಬಣ್ಣ ಬಳಿಯುತ್ತಾರೆ. ಜೀವಮಾನದಲ್ಲಿ ಕೋಟು ಮುಟ್ಟದ ಎಷ್ಟೋ ಅಜ್ಜಂದಿರು ನನ್ನಿಂದ ಸಾಹೇಬರಾಗಿ ಹೊರಬಿದ್ದರು.

ಏಳು ವರ್ಷದ ಹಿಂದೆ ಕಸ್ತೂರಿ ಎಂಬ ಹೆಣ್ಣುಮಗಳು ಬಂದಳು. ಅವಳ ಮದುವೆ ವರ್ಷ ತುಂಬುವುದರೊಳಗೆ ಮುರಿದಿತ್ತು. ಆಲ್ಬಮ್ಮನ್ನು ಒಲೆಗೆ ಹಾಕಿ ಬಂದಿದ್ದಳು.

"ಕಾಕಾ, ನನ್ನ ಮದುವಿ ಫೋಟೋ ಒಂದೂ ಉಳೀಬಾರದು. ನನ್ನ ಕಣ್ಣೆದುರಿಗೇ ಅಳಸ್ರಿ," ಎಂದಳು.

ಅವರು ಅಳಿಸಿದರು. ನನಗೆ ನಗು ಬಂತು. ನನ್ನಲ್ಲಿ ಅಳಿಸುವುದೆಂದರೆ ಮನೆ ಬಾಗಿಲ ಮೇಲಿನ ಹೆಸರು ಒರೆಸಿದ ಹಾಗೆ. ಒಳಗಿದ್ದವರು ಒಳಗೇ ಇರುತ್ತಾರೆ, ಬೇರೆ ಯಾರಾದರೂ ಬಂದು ಆ ಜಾಗ ಹಿಡಿಯುವವರೆಗೆ. ಇದು ಅವರಿಬ್ಬರಿಗೂ ಗೊತ್ತಿರಲಿಲ್ಲ.

ಇವತ್ತಿನ ಮಾತು ಹೇಳುತ್ತೇನೆ. ಯಾರದೋ ಪೆನ್ ಡ್ರೈವಿನಿಂದ ವೈರಸ್ ಹತ್ತಿ ಕಂಪ್ಯೂಟರು ಹಾಸಿಗೆ ಹಿಡಿದಿತ್ತು. ರಿಪೇರಿಗೆ ಬಂದ ತಬಸ್ಸುಮ್, "ಬರೇ ಫಾರ್ಮ್ಯಾಟ್ ಮಾಡಿದ್ರ ಸಾಲಂಗಿಲ್ರಿ ಸರ. ಡಿಸ್ಕಿನ ತುಂಬ ಸೊನ್ನೆ ಬರದು, ಆಮ್ಯಾಲೆ ಹೊಸದಾಗಿ ವಿಂಡೋಸ್ ಹಾಕತೀನಿ," ಎಂದಳು. ಬೇಕಾದ ಫೈಲುಗಳನ್ನು ಬೇರೆ ಕಡೆ ತೆಗೆದಿಟ್ಟು ಶುರು ಮಾಡಿದಳು. ಸೊನ್ನೆ, ಸೊನ್ನೆ, ಸೊನ್ನೆ. ನನಗೆ ಹೆದರಿಕೆಗಿಂತ ಸೋಜಿಗವೇ ಹೆಚ್ಚು. ಇಷ್ಟೊಂದು ಖಾಲಿತನವನ್ನು ನಾನು ಹುಟ್ಟಿದ ಮೇಲೆ ಕಂಡೇ ಇರಲಿಲ್ಲ.

ಪರದೆಯ ಮೇಲೆ ಮೂವತ್ತೆಂಟು ಪರ್ಸೆಂಟ್ ಎಂದಿದ್ದಾಗ ಕಸ್ತೂರಿ ಬಂದಳು.

"ಅಪ್ಪ ತೀರ್ಕೊಂಡ ಕಾಕಾ. ನಾಡದ ಅವನ ದಿವಸದ ಕಾರ್ಯ ಐತಿ. ಗ್ವಾಡಿಗೆ ಹಾಕಾಕ ಒಂದು ಫೋಟೋ ಇಲ್ಲ. ಆಧಾರ ಕಾರ್ಡಿನ್ಯಾಗ ನೋಡಿದ್ರ ಕಳ್ಳನ್ನ ಹಿಡಕೊಂಡು ಬಂದಂಗ ಐತಿ. ನನ್ನ ಮದುವ್ಯಾಗ ತಗದದ್ದು ಏನರ..."

"ನೀನ ನಿಂತು ಅಳಸಿಸಿದೆಲ್ಲವಾ," ಎಂದರು ವಿರೂಪಾಕ್ಷಪ್ಪ, ದನಿ ಸಣ್ಣ ಮಾಡಿ.

ನನ್ನ ಸಂಕಟ ಕೇಳಬೇಡಿ. ಅವಳಪ್ಪ ಇನ್ನೂ ನನ್ನೊಳಗಿದ್ದ, ಸೊನ್ನೆಗಳು ಅವನ ಕಡೆಗೇ ಬರುತ್ತಿದ್ದವು. ಕೂಗಲು ನನಗೆ ಬಾಯಿಲ್ಲ. ತಬಸ್ಸುಮ್ ತಲೆ ಎತ್ತಿದಳು. "ಇದ ಡಿಸ್ಕಿನ್ಯಾಗ ಇದ್ವನ್ರಿ?" ಎಂದವಳು ಉತ್ತರಕ್ಕೂ ಕಾಯದೆ ಕೆಲಸ ನಿಲ್ಲಿಸಿಬಿಟ್ಟಳು.

ನನ್ನನ್ನು ಕಳಚಿ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಮೂರು ತಾಸು ಹುಡುಕಿದಳು. ಸಿಕ್ಕ ಫೋಟೋಗಳಲ್ಲಿ ಹೆಚ್ಚಿನವು ಅರ್ಧಕ್ಕೇ ಬೂದು ಬಣ್ಣಕ್ಕೆ ತಿರುಗಿದ್ದವು. ಒಂದು ಮಾತ್ರ ಇಡಿಯಾಗಿ ಬಂತು. ಅದರಲ್ಲಿ ಅಪ್ಪ ಫಕೀರಪ್ಪ ತಲೆಗೆ ಪಟಗಾ ಸುತ್ತಿಕೊಂಡು ನಗು ತಡೆಯಲಾರದೆ ನಿಂತಿದ್ದ. ಪಕ್ಕದಲ್ಲಿ ಮದುಮಗಳು ಕಸ್ತೂರಿ, ಅಪ್ಪನ ಹೆಗಲ ಮೇಲೆ ಹಸಿರು ಬಳೆಯ ಕೈ.

"ಅಳಸೇನಿ ಅಂತ ಮಾತು ಕೊಟ್ಟಿದ್ದೆ. ಉಳದಬಿಟ್ಟಾವ. ತಪ್ಪಾತವಾ," ಎಂದರು ವಿರೂಪಾಕ್ಷಪ್ಪ. ಅವಳು ಪರದೆಯ ಮೇಲಿನ ಅಪ್ಪನನ್ನು ನೋಡುತ್ತಲೇ ಇದ್ದಳು.

ಅವರು ಆ ಲ್ಯಾಪ್‌ಟಾಪಿನಲ್ಲೇ ಎಂದಿನಂತೆ ಕತ್ತರಿಸತೊಡಗಿದರು. ಮದುಮಗಳ ಮುಖ ಹೋಯಿತು, ಸೀರೆ ಹೋಯಿತು. ಹೆಗಲ ಹತ್ತಿರ ಬಂದು, "ಈ ಕೈ ಕೋಟಿನ್ಯಾಗ ಮುಚ್ಚಿಬಿಡತೀನಿ," ಎಂದರು.

"ಕೋಟು ಬ್ಯಾಡ ಕಾಕಾ. ಕೈ ಇರಲಿ."

"ಮದುವಿ ಬಳಿ ಕಾಣತಾವವಾ."

"ಕಾಣಲಿ. ನಮ್ಮಪ್ಪನ ಮ್ಯಾಲೆ ಇಟ್ಟ ಕೈ ಅದು." ಆಮೇಲೆ ತಬಸ್ಸುಮ್ ಕಡೆ ತಿರುಗಿದಳು. "ಉಳದದ್ದೆಲ್ಲಾ ಈಗ ಖರೇನ ಅಳಸು, ತಂಗಿ."

ಸೊನ್ನೆಗಳು ಮತ್ತೆ ಹೊರಟಿವೆ. ಇನ್ನೊಂದು ಗಳಿಗೆಗೆ ನನಗೆ ಇದಾವುದೂ ತಿಳಿದಿರುವುದಿಲ್ಲ, ಅದಕ್ಕೇ ನಿಮಗೆ ಹೇಳಿಬಿಟ್ಟೆ. ಬಂದದ್ದನ್ನೆಲ್ಲ ಇಟ್ಟುಕೊಳ್ಳುವುದು ನನ್ನಂಥ ಯಂತ್ರದ ಕೆಲಸ. ಅದರಲ್ಲಿ ತನಗೆ ಬೇಕಾದಷ್ಟನ್ನೇ ಕಸ್ತೂರಿ ಆರಿಸಿಕೊಂಡದ್ದನ್ನು ಇವತ್ತು ಕಂಡೆ. ನಾಡಿದ್ದು ಆ ಮನೆಯ ಗೋಡೆಯ ಮೇಲೆ ಫಕೀರಪ್ಪ ನಗುತ್ತಿರುತ್ತಾನೆ, ಹೆಗಲ ಮೇಲೆ ಮಗಳ ಕೈ.