ಕಟ್ಟಿನ ಕೆಳಗಿನ ಸಾಲು

ನನ್ನದು ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ. ಮದುವೆ ಫೋಟೋ, ಪದವಿ ಪತ್ರ, ತೀರಿಕೊಂಡವರ ಭಾವಚಿತ್ರ, ಏನು ತಂದರೂ ಗಾಜು ಹಾಕಿ, ಸುತ್ತ ಬಿಳಿ ರಟ್ಟಿನ ಅಂಚು ಕೂರಿಸಿ, ಹಿಂದೆ ಕಂದು ಕಾಗದ ಅಂಟಿಸಿ ಕೊಡುತ್ತೇನೆ. ನಾನು ಕತ್ತರಿಸಿದ ಅಂಚು ನಾಲ್ಕೂ ಕಡೆ ಸಮ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗುವುದಿಲ್ಲ. ಜಂಬ ಅಂದರೆ ಅನ್ನಿ. ಜಂಬ ಪಡಲು ನನಗೆ ಬೇರೇನಿದೆ?

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ವಾರವೆಲ್ಲ ಮೇಲೆ ಕೆಳಗೆ ಹತ್ತಿಳಿಯುವುದು, ರಜೆ ಬಂತೆಂದರೆ ಊರಲ್ಲಿ ಅಡ್ಡಡ್ಡ ಸುತ್ತುವುದು. ಫೋನು ಹಿಡಿದು ಓಣಿ ಓಣಿ ಅಲೆದು, ಕಂಡಿದ್ದನ್ನೆಲ್ಲ ಮುಕ್ತ ನಕ್ಷೆಗೆ ಸೇರಿಸುವುದು ಅವರ ಹುಚ್ಚು. ಯಾವ ಕಂಪನಿಗೂ ಸೇರದ ನಕ್ಷೆಯಂತೆ ಅದು. ಇವರಂಥ ಹುಚ್ಚರು ಲೋಕದ ತುಂಬ ಇದ್ದಾರಂತೆ, ಎಲ್ಲರೂ ಸೇರಿ ಕಟ್ಟುವುದಂತೆ. ಅತ್ತೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಗಾಲಿಕುರ್ಚಿಗೆ ಬಂದ ಮೇಲೆ ಹುಚ್ಚು ಇಬ್ಬರದಾಯಿತು. ಯಾವ ಫುಟ್‌ಪಾತಿಗೆ ಇಳಿಜಾರಿದೆ, ಎಲ್ಲಿ ಮೆಟ್ಟಿಲು ಅಡ್ಡ ಬರುತ್ತದೆ, ಯಾವ ಕಲ್ಲಿಗೆ ಗಾಲಿ ಸಿಕ್ಕಿಕೊಳ್ಳುತ್ತದೆ ಎಂದು ಅತ್ತೆ ಕುರ್ಚಿಯಲ್ಲಿ ಕೂತು ಹೇಳುವುದು, ಮಗ ಗುರುತು ಹಾಕುವುದು.

"ತಾಯಿ ಮಗ ಸೇರಿ ಬಿಟ್ಟಿ ಊರು ಅಳೀತಿದ್ದೀರಲ್ಲ, ಯಾರಿಗೆ ಏನು ಬಂತು?" ಅಂತ ನಾನು ಹಂಗಿಸುತ್ತಿದ್ದೆ.

"ಯಾರು ಬೇಕಾದ್ರೂ ತಗೊಳ್ಳಲಿ ಅಂತಾನೇ ಹಾಕೋದು ಕಣೇ," ಅನ್ನುತ್ತಿದ್ದರು ಇವರು. "ಚಿತ್ರ ಮಾಡ್ಲಿ, ಮಾರ್ಕೊಳ್ಳಲಿ. ಎಲ್ಲಿಂದ ತಗೊಂಡ್ವಿ ಅಂತ ಒಂದು ಸಾಲು ಹಾಕ್ಬೇಕು. ನಮ್ಮ ಮಾಹಿತೀನೇ ತಿದ್ದಿ ಹಂಚಿದ್ರೆ ಅದನ್ನೂ ಹೀಗೇ ಎಲ್ಲರಿಗೂ ಬಿಟ್ಕೊಡಬೇಕು. ಇನ್ನೇನೂ ಕೇಳಲ್ಲ."

ನನ್ನ ಗಿರಾಕಿಗಳಲ್ಲಿ ಒಬ್ಬಳು ಚಿತ್ರದ ಹುಡುಗಿ. ಆ ಮುಕ್ತ ನಕ್ಷೆಯಿಂದಲೇ ಊರಿನ ದಾರಿಗಳನ್ನು ತೆಗೆದುಕೊಂಡು ಚಿತ್ರ ಮಾಡಿ ಮಾರುತ್ತಾಳೆ. ಹೊಸ ಆಸ್ಪತ್ರೆಯ ಹೊರಕೋಣೆಗೆ ಬಾಗಿಲೆತ್ತರದ ಚಿತ್ರವೊಂದನ್ನು ಮಾಡಿದಳು. ಊರಿಡೀ ಬೂದು ಬಣ್ಣ, ಗಾಲಿಕುರ್ಚಿ ಹೋಗಬಲ್ಲ ದಾರಿಗಳು ಮಾತ್ರ ಕೆಂಪು. ನಾನೇ ಕಟ್ಟು ಹಾಕಿ, ನನ್ನ ಅಂಗಡಿಯಿಂದಲೇ ವ್ಯಾನಿನಲ್ಲಿ ಆಸ್ಪತ್ರೆಗೆ ಕಳಿಸಿದೆ. ಸುದ್ದಿ ಕೇಳಿ ಅತ್ತೆಯ ಮುಖ ಅರಳಿತು. ಆ ಕೆಂಪು ಗೆರೆಗಳಲ್ಲಿ ಮುಕ್ಕಾಲು ಪಾಲು ಅವರು ಕೂತು ಹೇಳಿದ ದಾರಿಗಳೇ.

ಅದೇ ಆಸ್ಪತ್ರೆಯಲ್ಲಿ ಅತ್ತೆಗೆ ವಾರವಾರ ವ್ಯಾಯಾಮ. ಅಲ್ಲಿ ಜೊತೆಯವರಿಗೆಲ್ಲ ಹೇಳಿದರಂತೆ, "ಹೊರಗೆ ಹಾಕಿರೋ ನಕ್ಷೆ ಇದೆಯಲ್ಲ, ಅದರಲ್ಲಿ ನಮ್ಮ ಕೆಲಸ ಇದೆ. ಕೆಳಗೆ ಬರೆದಿರ್ತಾರೆ, ಹೋಗಿ ಓದಿ." ಎಲ್ಲರೂ ಹೋಗಿ ನೋಡಿದರು. ಕೆಳಗೆ ಏನೂ ಇರಲಿಲ್ಲ. ಅವರಲ್ಲೊಬ್ಬರು ನಿವೃತ್ತ ಮುಖ್ಯೋಪಾಧ್ಯಾಯಿನಿ. "ಪಾಪ, ವಯಸ್ಸಾಯ್ತಲ್ಲ, ಅರಳುಮರಳು," ಅಂದರಂತೆ, ಅದೂ ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿ.

ಮುಂದಿನ ವಾರ ಅತ್ತೆ ಹೊರಡಲಿಲ್ಲ. "ಸುಳ್ಳುಗಾತಿ ಅನ್ನಿಸ್ಕೊಂಡು ಆ ಕೋಣೆಗೆ ನಾನು ಕಾಲಿಡಲ್ಲ."

"ನೀನು ಕಾಲಿಟ್ಟು ಎಷ್ಟು ಕಾಲ ಆಯ್ತಮ್ಮ," ಅಂತ ಇವರು ನಗಿಸಲು ನೋಡಿದರು. ಅತ್ತೆ ನಗಲಿಲ್ಲ. ರಜೆಯ ದಿನ ಮಗನ ಜೊತೆ ಸುತ್ತಲೂ ಹೋಗಲಿಲ್ಲ.

ನನಗೆ ದಿಗಿಲಾಯಿತು. ಕಂಬಿ ಹಿಡಿದು ಎದ್ದು ನಿಲ್ಲುವಷ್ಟು ಶಕ್ತಿ ಅವರಿಗೆ ಆಗತಾನೇ ಬಂದಿತ್ತು. ವ್ಯಾಯಾಮ ಬಿಟ್ಟರೆ ಇದೂ ಹೋಗುತ್ತದೆ, ಮತ್ತೆ ಬರುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ದಿಗಿಲಿನ ಹಿಂದೆಯೇ ಸಿಟ್ಟು ಬಂತು. ಆ ಹುಡುಗಿ ನಮ್ಮವರ ದಾರಿ ಎತ್ತಿಕೊಂಡು, ಒಂದು ಸಾಲು ಬರೆಯಲಾಗದೆ, ನಮ್ಮ ಅತ್ತೆಯನ್ನು ಹುಚ್ಚಿ ಮಾಡಿದಳಲ್ಲ!

"ಮೊದ್ಲು ಅವಳನ್ನ ಕೇಳೋಣ," ಅಂದರು ಇವರು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ನೀನು."

"ನೀವು ಕೇಳ್ತಾ ಕೂತಿರಿ. ನಾನು ಹೋಗಿ ಜನ್ಮ ಜಾಲಾಡಿ ಬರ್ತೀನಿ," ಅಂದು ಅಂಗಡಿಯ ಶಟರ್ ಎಳೆದು ಹೊರಟೆ.

ಹುಡುಗಿಯ ಕೋಣೆ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ. ತಂತಿಗೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟ ಚಿತ್ರಗಳು, ಮೂಲೆಯಲ್ಲಿ ಗುರುಗುಟ್ಟುವ ಪ್ರಿಂಟರ್. ಬಾಗಿಲಲ್ಲೇ ಶುರು ಮಾಡಿದೆ. "ಏನಮ್ಮ, ಊರವರ ದಾರಿ ಬೇಕು, ಊರವರ ಹೆಸರು ಬೇಡವಾ? ಉಪಕಾರ ಮಾಡಿದೋರಿಗೆ ಒಂದು ಸಾಲು ಬರೆಯೋಕೆ ನಿನ್ನ ಕೈಗೇನು ಬಂದಿತ್ತು?"

ಅವಳು ಕಣ್ಣು ಕಣ್ಣು ಬಿಟ್ಟಳು. "ಅಕ್ಕ, ಬರೆದಿದ್ದೀನಲ್ಲ. ಪ್ರತಿ ಚಿತ್ರದಲ್ಲೂ ಬರೀತೀನಿ. ಅದು ಬರೀದೇ ಆ ಮಾಹಿತಿ ಬಳಸೋ ಹಾಗೇ ಇಲ್ಲ."

ಆಸ್ಪತ್ರೆಯ ಚಿತ್ರದ್ದೇ ಇನ್ನೊಂದು ಪ್ರತಿಯನ್ನು ಮೇಜಿನ ಮೇಲೆ ಹರಡಿದಳು. ಕೆಳಗಿನ ತುದಿಯಲ್ಲಿ, ಸಣ್ಣ ಅಕ್ಷರದಲ್ಲಿ, ಸಾಲು ಇತ್ತು: ನಕ್ಷೆಯ ಮಾಹಿತಿ ಮುಕ್ತ ನಕ್ಷೆಯ ಕೊಡುಗೆದಾರರದು.

ನೋಡಿದೊಡನೆ ನನಗೆ ಗೊತ್ತಾಗಿಹೋಯಿತು. ಛಾಪಖಾನೆಯವರು ಕಾಗದದ ತುದಿಯಲ್ಲಿ ತಮ್ಮ ಹೆಸರು, ಬಣ್ಣದ ಗುರುತು, ಏನೇನೋ ಬಿಟ್ಟಿರುತ್ತಾರೆ. ಕಟ್ಟು ಹಾಕುವವರು ಅದನ್ನೆಲ್ಲ ಅಂಚಿನ ಕೆಳಗೆ ಮುಚ್ಚಿಬಿಡುವುದು ವಾಡಿಕೆ. ಇದೂ ಅಂಥದ್ದೇ ಅಂದುಕೊಂಡು, ಓದಿಯೂ ನೋಡದೆ, ನಾಲ್ಕೂ ಕಡೆ ಸಮ ಬರಲಿ ಎಂದು ನನ್ನ ಬಿಳಿ ರಟ್ಟನ್ನು ಅದರ ಮೇಲೆ ಕೂರಿಸಿದ್ದವಳು ನಾನೇ.

ಹುಡುಗಿ ಒಳ್ಳೆಯವಳು, ನನ್ನ ಮುಖ ನೋಡಿ ಅರ್ಥ ಮಾಡಿಕೊಂಡು ಟೀ ತರಲು ಎದ್ದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮನೆಗೆ ಬಂದು ಹೇಳಿದೆ. ಇವರು ನಕ್ಕರು, ನಕ್ಕರು, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟರು. ಅತ್ತೆ ಮಾತ್ರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

"ಅಲ್ಲಿ ಹೋಗಿ ಏನಂತ ಹೇಳ್ಲಿ? ಕಟ್ಟು ಹಾಕಿದೋಳು ಮುಚ್ಚಿದ್ಲು ಅಂದ್ರೆ ಯಾರವಳು ಅಂತ ಕೇಳ್ತಾರೆ. ನಮ್ಮನೆ ಮಾನ ನಾನೇ ಬೀದಿಗೆ ಹಾಕ್ಲಾ? ಸುಳ್ಳುಗಾತಿ ಅಂದ್ರೆ ಅನ್ಕೊಳ್ಳಲಿ ಬಿಡು."

ಬೈದರೆ ತಿರುಗಿ ಬೈಯಬಲ್ಲವಳು ನಾನು. ಇದನ್ನು ಕೇಳಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ರಟ್ಟು, ಚಾಕು, ಇಕ್ಕಳ ತೆಗೆದುಕೊಂಡು ಹುಡುಗಿಯ ಜೊತೆ ಆಸ್ಪತ್ರೆಗೆ ಹೋದೆ. ಕಟ್ಟಡ ನೋಡಿಕೊಳ್ಳುವ ಮೇಲ್ವಿಚಾರಕ ಒಪ್ಪಲಿಲ್ಲ.

"ಚಿತ್ರ ನಮ್ಮದು, ಪೂರ್ತಿ ಹಕ್ಕು ನಮ್ಮದು ಅಂತ ಈ ಮೇಡಂ ಬರೆದುಕೊಟ್ಟಿದ್ದಾರೆ. ಕಂಡೋರ ಹೆಸರು ನಮ್ಮ ಗೋಡೆ ಮೇಲೆ ಯಾಕೆ? ಈಗಲೇ ಚೊಕ್ಕಟವಾಗಿದೆ, ಇರಲಿ ಬಿಡಿ."

"ಚಿತ್ರ ನಿಮ್ಮದೇ ಸರ್," ಅಂದಳು ಹುಡುಗಿ. ಆ ಆಸ್ಪತ್ರೆಯ ಉಳಿದ ಮಹಡಿಗಳ ಕೆಲಸವೂ ಅವಳಿಗೇ ಬರುವುದಿತ್ತು, ಆದರೂ ಬಿಡಲಿಲ್ಲ. "ಬಣ್ಣ ನನ್ನದು, ಬರೆದ ರೀತಿ ನನ್ನದು, ಅದನ್ನ ನಿಮಗೆ ಕೊಟ್ಟಿದ್ದೀನಿ. ದಾರಿಗಳ ಮಾಹಿತಿ ನನ್ನದಲ್ಲ. ನನ್ನದಲ್ಲದ್ದನ್ನ ನಾನು ಹೇಗೆ ಕೊಡಲಿ?"

"ಬಿಟ್ಟಿ ಸಿಕ್ಕಿದ್ದಕ್ಕೂ ಇಷ್ಟೊಂದು ಕಟ್ಟುಪಾಡಾ?"

ಬಿಟ್ಟಿ. ಎಷ್ಟು ಸಲ ನಾನೇ ಆಡಿದ ಮಾತು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಮೈಯೆಲ್ಲ ಉರಿಯಿತು.

"ಬಿಟ್ಟಿ ಅಲ್ಲ ಸ್ವಾಮಿ," ಅಂದೆ. "ನಮ್ಮತ್ತೆ ಸೊಂಟ ಮುರಿದುಕೊಂಡು, ಬಿಸಿಲಲ್ಲಿ ಕುರ್ಚಿ ಮೇಲೆ ಕುಲುಕಿಸಿಕೊಂಡು ಮಾಡಿದ್ದು. ಅದಕ್ಕೆ ಅವರು ಕೇಳಿರೋ ಬೆಲೆ ಈ ಒಂದು ಸಾಲು. ಅದೂ ಕೊಡಲ್ಲ ಅಂದ್ರೆ ಈ ನಕ್ಷೆ ಗೋಡೆ ಮೇಲಿಡೋ ಹಾಗಿಲ್ಲ. ಹೇಳಿ, ಕಟ್ಟು ಬಿಚ್ಚಿ ಸರಿ ಮಾಡಲಾ, ನಕ್ಷೇನೇ ಇಳಿಸಲಾ?"

ಆತ ನನ್ನ ಮುಖ ನೋಡಿದ, ಕೈಯಲ್ಲಿದ್ದ ಇಕ್ಕಳ ನೋಡಿದ. "ಜನ ಬರೋದ್ರೊಳಗೆ ಮುಗಿಸಿ," ಅಂದು ಹೊರಟುಹೋದ.

ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಚಿತ್ರವನ್ನು ಬೋರಲು ಮಲಗಿಸಿದೆವು. ಕಂದು ಕಾಗದ ಸೀಳಿ, ಮೊಳೆ ಕಿತ್ತು, ಹಳೆಯ ರಟ್ಟು ತೆಗೆದು ಹೊಸದು ಕೂರಿಸಿದೆ. ಮೂರು ಕಡೆ ಅಗಲ, ಸಾಲು ಕಾಣುವಂತೆ ಕೆಳಗಡೆ ಮಾತ್ರ ಸಣ್ಣದು. ನೋಡಿದರೆ ಕಣ್ಣಿಗೆ ಚುಚ್ಚುತ್ತಿತ್ತು. ಚುಚ್ಚಲಿ ಅಂದುಕೊಂಡು ಗಾಜು ಒರೆಸಿದೆ.

ವ್ಯಾಯಾಮದ ದಿನ ಬಂತು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ನಾನೇ ಹೇಳಿದೆ, "ನೀವು ನನ್ನ ಇನ್ನೂ ಬೈದಿಲ್ಲ ಅತ್ತೆ. ಅಲ್ಲಿಗೆ ಬನ್ನಿ. ಎಲ್ಲರ ಮುಂದೆ ನಿಲ್ಲಿಸಿ ಬೈಯಿರಿ."

"ಎಲ್ಲರ ಮುಂದೆ?"

"ಎಲ್ಲರ ಮುಂದೆ."

"ನನ್ನ ಶಾಲು ಎಲ್ಲಿದೆ ನೋಡು," ಅಂದರು.

ಚಿತ್ರದ ಮುಂದೆ ಕುರ್ಚಿ ನಿಲ್ಲಿಸುವಷ್ಟರಲ್ಲಿ ವ್ಯಾಯಾಮದ ಜೊತೆಯವರೆಲ್ಲ ಬಂದು ಸುತ್ತಿಕೊಂಡರು. ಮುಖ್ಯೋಪಾಧ್ಯಾಯಿನಿ ಊರುಗೋಲು ಊರಿ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಪಾಠ ಓದುವಂತೆ ಆ ಸಾಲನ್ನು ಓದಿದರು.

"ಇದರಲ್ಲಿ ನಿಮ್ಮ ಹೆಸರೆಲ್ಲಿದೆ?"

"ಕೊಡುಗೆದಾರರು ಅಂತಿದೆಯಲ್ಲ, ಅದರೊಳಗಿದ್ದೀನಿ," ಅಂದರು ಅತ್ತೆ. "ತುಂಬ ಜನ ಇದ್ದೀವಿ, ಒತ್ತರಿಸಿಕೊಂಡು ಕೂತಿದ್ದೀವಿ. ನನ್ನೊಬ್ಬಳ ಹೆಸರು ಹಾಕಿದ್ರೆ ಅದು ಸುಳ್ಳಾಗ್ತಿತ್ತು."

"ಆವತ್ತು ಈ ಸಾಲು ಇರಲೇ ಇಲ್ಲವಲ್ಲ? ಯಾರು ಮುಚ್ಚಿದ್ದರು?"

"ಯಾರೋ ಕೆಲಸದೋರು, ಏನೋ ಅವಸರದಲ್ಲಿ..." ಅತ್ತೆ ನನ್ನ ಕಡೆ ನೋಡಲೇ ಇಲ್ಲ.

ನನ್ನ ಕೈಲಿ ತಡೆಯಲಾಗಲಿಲ್ಲ. "ನಾನೇ ಮುಚ್ಚಿದ್ದು ಮೇಡಂ. ನಾನು ಇವರ ಸೊಸೆ."

ಎಲ್ಲರೂ ನನ್ನನ್ನೇ ನೋಡಿದರು. ನಾನು ತಲೆ ತಗ್ಗಿಸಿ ಬೈಗುಳಕ್ಕೆ ಕಾದೆ. ನಾನೇ ಕರೆದು ತಂದಿದ್ದ ಬೈಗುಳ, ಬರಲಿ ಅಂತ ನಿಂತೆ.

"ಹೌದು," ಅಂದರು ಅತ್ತೆ. "ಮುಚ್ಚಿದೋಳೂ ನನ್ನ ಸೊಸೆ, ತೆಗೆದೋಳೂ ನನ್ನ ಸೊಸೆ. ನಿಮಗೇನಂತೆ? ನಡಿಯೇ, ತಳ್ಳು, ವ್ಯಾಯಾಮಕ್ಕೆ ಹೊತ್ತಾಯ್ತು."